ಎರಡು ಕರಡಿಗೆ

ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ರೈಲುಗಳಿಗೆ ದಾರಿ ತೋರಿಸಿದ ಶಿವರಾಯನಿಗೆ ಸ್ವಂತ ಮನೆಯ ಒಲೆಯ ದಾರಿ ಗೊತ್ತಿರಲಿಲ್ಲ. ಇದು ಅವನ ಹೆಂಡತಿ ಭಾಗಮ್ಮನ ಮಾತು. ಬಂದವರೆದುರು, ಹೋದವರೆದುರು, ಅವನೆದುರೇ ಆಡುತ್ತಿದ್ದ ಮಾತು. ಅವನೂ ಇಲ್ಲವೆನ್ನುತ್ತಿರಲಿಲ್ಲ. ಮೀಸೆಯ ಮೇಲೆ ಕೈಯಾಡಿಸಿ, "ಅದು ನನ್ನ ಡಿವಿಜನ್‌ದಾಗ ಬರಲ್ಲ" ಎಂದು ಸುಮ್ಮನಾಗುತ್ತಿದ್ದ.

ಅವನು ಪಾಯಿಂಟ್ಸ್‌ಮನ್. ಲಿವರ್ ಎಳೆದು ಹಳಿ ಕೂಡಿಸುವವನು. ನಿಜಾಮನ ಕಾಲದಲ್ಲಿ ಮೀಸೆ ಮೂಡುವ ಮೊದಲೇ ನೌಕರಿಗೆ ಸೇರಿದ್ದ. ಆಮೇಲೆ ನಿಜಾಮ ಹೋದ, ಊರು ಮೈಸೂರು ರಾಜ್ಯಕ್ಕೆ ಬಂತು, ಅದಕ್ಕೂ ಹೆಸರು ಬದಲಾಗಿ ಕರ್ನಾಟಕವಾಯಿತು. ಇಷ್ಟೆಲ್ಲ ಬದಲಾದರೂ ಭಾಗಮ್ಮ ಕಟ್ಟಿಕೊಡುವ ಬುತ್ತಿ ಬದಲಾಗಲಿಲ್ಲ. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಬಸುರಿಯಾಗಿದ್ದಾಗಲೂ ಅಷ್ಟೇ, ಜ್ವರ ಬಂದಾಗಲೂ ಅಷ್ಟೇ. ರೊಟ್ಟಿ ಎಲ್ಲಿಂದ ಬರುತ್ತದೆಂದು ಅವನು ಒಂದು ದಿನವೂ ಯೋಚಿಸಿದವನಲ್ಲ. ಮಳೆ ಎಲ್ಲಿಂದ ಬರುತ್ತದೆಂದು ಯಾರು ಯೋಚಿಸುತ್ತಾರೆ?

ಗಂಡಹೆಂಡಿರ ನಡುವೆ ಜಗಳವೆಂದು ಇದ್ದದ್ದು ಒಂದೇ, ಅದು ಲಿಂಗಪೂಜೆಯದು. ಭಾಗಮ್ಮ ಮುಂಜಾನೆ ಮೈ ತೊಳೆದುಕೊಂಡು, ಕೊರಳಿನ ಬೆಳ್ಳಿಯ ಕರಡಿಗೆ ತೆರೆದು, ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಒಂದು ಪತ್ರೆ ಏರಿಸುವ ತನಕ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಲಿಂಗ ಕಟ್ಟಿದ ಗುರುವಿಗೆ ಚಿಕ್ಕಂದಿನಲ್ಲಿ ಕೊಟ್ಟ ಮಾತು ಅದು. ಶಿವರಾಯನದು ಬೇರೆ ಪದ್ಧತಿ. ಪಾಳಿಯ ನೌಕರಿ, ಕೈತುಂಬ ಗ್ರೀಸು, ಎಲ್ಲಿಯ ಸ್ನಾನ ಎಲ್ಲಿಯ ಪೂಜೆ! ಮುಚ್ಚಿದ ಕರಡಿಗೆಯನ್ನೇ ಕಣ್ಣಿಗೆ ಒತ್ತಿಕೊಂಡರೆ ಅವನ ಪೂಜೆ ಮುಗಿಯಿತು.

"ನಿಮ್ಮ ಶಿವ ಕತ್ತಲ್ಯಾಗೇ ಕುಂತಾನ. ಒಂದೀಟು ಬೆಳಕ ತೋರಸ್ರಿ" ಎನ್ನುತ್ತಿದ್ದಳು ಭಾಗಮ್ಮ.

"ನಮ್ಮ ಶಿವನೂ ನೌಕರಿ ಮ್ಯಾಲ ಅದಾನ. ರಿಟೈರ್ ಆದ ಮ್ಯಾಲ ನೋಡೂನು" ಎನ್ನುತ್ತಿದ್ದ ಇವನು.

ರಿಟೈರೂ ಆಯಿತು. ಚಿತ್ತಾಪುರದಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯ ಹಿಂದೆ, ಶಹಾಬಾದಿನ ಫರಸಿ ಕಲ್ಲು ಹಾಸಿದ ಎರಡು ಕೋಣೆಯ ಮನೆಯೂ ಆಯಿತು. ಶಿವನಿಗೆ ಮಾತ್ರ ಬೆಳಕು ಕಾಣಲಿಲ್ಲ. ನೌಕರಿ ಬಿಟ್ಟಿತು, ರೂಢಿ ಬಿಡಲಿಲ್ಲ. ಅವನು ಮುಂಜಾನೆ ಎದ್ದು ಕರಡಿಗೆಯನ್ನು ಕಣ್ಣಿಗೊತ್ತಿ, ಚಹಾ ಕುಡಿದು, ಸ್ಟೇಷನ್ನಿನ ಕಟ್ಟೆಗೆ ಹೋಗಿ ಕೂರುತ್ತಿದ್ದ. ಸೇಡಂ ಕಡೆಯಿಂದ ಬರುವ ಗಾಡಿ ಎಷ್ಟು ತಡ, ವಾಡಿ ಕಡೆಯಿಂದ ಬರುವ ಗಾಡಿ ಎಷ್ಟು ತಡ ಎಂದು ಯಾರೂ ಕೇಳದಿದ್ದರೂ ಲೆಕ್ಕ ಇಡುತ್ತಿದ್ದ.

ಹೀಗಿರಲು ಒಂದು ಬೇಸಿಗೆಯಲ್ಲಿ, ರೇಡಿಯೋದಲ್ಲಿ ದಿನಾ ಇಂದಿರಾ ಗಾಂಧಿ ಸೋತ ಮಾತೇ ಬರುತ್ತಿದ್ದ ವರ್ಷ, ಭಾಗಮ್ಮ ಹೊಸಿಲ ಬಳಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರ ಕೈಯಿಂದ ಜಾರಿತು. ಬೇಳೆಯೆಲ್ಲ ಫರಸಿಯ ಮೇಲೆ ಚೆಲ್ಲಿತು. ಅದನ್ನು ಬಳಿಯಲು ಹೋದವಳು ಹಾಗೇ ಬಲಕ್ಕೆ ವಾಲಿ ಗೋಡೆಗೆ ಆತುಕೊಂಡಳು. ಗೋಡೆಯಾಚೆಯ ಮನೆಯ ಶಹರಬಾನು ಕಡ ಕೇಳಲು ಬಂದವಳು ನೋಡಿ ಸ್ಟೇಷನ್ನಿಗೆ ಓಡಿದಳು.

"ಕಾಕಾ, ಜಲ್ದಿ ಬರ್ರಿ. ಅವ್ವಗ ಬಾಯಿ ವಾರೆ ಆಗ್ಯದ. ಲಕ್ವಾ ಹೊಡದಂಗ ಕಾಣ್ತದ."

ಅದು ಲಕ್ವಾವೇ. ಗುಲ್ಬರ್ಗಾದ ದೊಡ್ಡ ದವಾಖಾನೆಯಲ್ಲಿ ಅದನ್ನೇ ಹೇಳಿದರು. ಬಲಗೈ, ಬಲಗಾಲು, ನಾಲಗೆ, ಮೂರೂ ಹೋಗಿದ್ದವು. ಸೇಡಂಗೆ ಕೊಟ್ಟ ಮಗಳು ಮಹಾನಂದಾ ಓಡಿ ಬಂದಳು. ನರ್ಸಮ್ಮ ಬಂದು, ಮೈಮೇಲಿನದೆಲ್ಲ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ ಎಂದಳು. ಶಿವರಾಯ ಭಾಗಮ್ಮನ ಕೊರಳಿನ ಕರಡಿಗೆಯನ್ನು ತೆಗೆದ. ರಾತ್ರಿ ತಾನು ಪಡಸಾಲೆಯಲ್ಲಿ ಗುರುತಿಲ್ಲದವರ ನಡುವೆ ಮಲಗಬೇಕು, ಬೆಳ್ಳಿಯ ಒಡವೆ, ಕಾಲ ಕೆಟ್ಟದ್ದು ಎಂದು ತನ್ನದನ್ನೂ ತೆಗೆದ. ಎರಡನ್ನೂ ಒಂದೇ ಟವೆಲ್ಲಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಬಿಗಿದುಕೊಂಡ.

ಮನೆಗೆ ಕರೆದೊಯ್ಯಬಹುದು ಎಂದು ಡಾಕ್ಟರು ಹೇಳುವಷ್ಟರಲ್ಲಿ ಆ ಟವೆಲು ಬೆವರು ಕುಡಿದು, ಔಷಧಿಯ ವಾಸನೆ ಹತ್ತಿ, ಕರಡಿಗೆಯ ದಾರಗಳೆಲ್ಲ ಕರ್ರಗಾಗಿದ್ದವು. ಅವನ್ನು ಹಾಗೆಯೇ ಭಾಗಮ್ಮನ ಕೊರಳಿಗೆ ಹಾಕಲು ಮನಸ್ಸು ಬರಲಿಲ್ಲ. ಅವಳು ಮಡಿಯ ಹೆಂಗಸು. ಹಳೆಯ ದಾರ ಎರಡನ್ನೂ ಕತ್ತರಿಸಿ ಎಸೆದು, ಹೊಸ ಬಿಳಿಯ ಶಿವದಾರ ತಂದು ಎರಡಕ್ಕೂ ಪೋಣಿಸಿದ. ಕರಡಿಗೆಗಳು ಶಹಾಬಾದಿನ ಒಬ್ಬನೇ ಅಕ್ಕಸಾಲಿ ಒಂದೇ ಸಲ ಮಾಡಿಕೊಟ್ಟಂಥವು, ಅವಳಿ ಮಕ್ಕಳಂತೆ ಇದ್ದವು. ಒಂದನ್ನು ಕೈಯಲ್ಲಿ ತೂಗಿ ನೋಡಿ, ಇದೇ ಅವಳದು ಎಂದುಕೊಂಡು ಅವಳ ಕೊರಳಿಗೆ ಹಾಕಿದ. ಇನ್ನೊಂದನ್ನು ತಾನು ಹಾಕಿಕೊಂಡ.

ದವಾಖಾನೆಯಲ್ಲಿ ಅರೆ ಎಚ್ಚರದಲ್ಲಿ ಹಾಲು, ಗಂಜಿ ಕುಡಿದವಳು, ಚಿತ್ತಾಪುರದ ಮನೆಗೆ ಬಂದು ಪೂರಾ ಎಚ್ಚರವಾದ ಮುಂಜಾನೆಯೇ ಎಡಗೈಯಿಂದ ಕೊರಳು ಮುಟ್ಟಿ ತೋರಿಸಿದಳು. ಪೂಜೆ ಬೇಕು ಎಂದರ್ಥ. ಮಹಾನಂದಾ ಅವಳನ್ನು ಗೋಡೆಗೆ ಆನಿಸಿ ಕೂರಿಸಿ ಮೈ ಒರೆಸಿದಳು. ಶಿವರಾಯ ಕರಡಿಗೆ ತೆರೆದು, ಲಿಂಗಕ್ಕೆ ಬೆರಳು ತಾಗಿಸದೆ, ಅವಳ ಎಡ ಅಂಗೈಗೆ ಬಗ್ಗಿಸಿದ. ಭಾಗಮ್ಮ ಅಂಗೈಯನ್ನೇ ನೋಡಿದಳು. ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಗಂಡನ ಮುಖ ನೋಡಿ ಏನೋ ಹೇಳಲು ಹೋದಳು. ವಾರೆಯಾದ ಬಾಯಿಂದ ಬರೀ "ಅ... ಅ..." ಬಂತು. ಕಣ್ಣಿಂದ ನೀರು ಇಳಿಯಿತು. ಮುಷ್ಟಿ ಮುಚ್ಚಿಬಿಟ್ಟಳು.

ಅಂದು ಬಾಯಿ ಬಿಡಲಿಲ್ಲ. ನುಚ್ಚು ಮಾಡಿ ಮಜ್ಜಿಗೆ ಕಲಸಿ ಮಗಳು ಹಿಡಿದಳು, ತುಟಿ ಬಿಗಿದಳು. ಮರುದಿನವೂ ಅದೇ. ವಿಭೂತಿ ನೀರು ಎಂದರೆ ಮಾತ್ರ ಒಂದು ಗುಟುಕು.

"ಬಲಗೈ ಇಲ್ಲದ ಪೂಜಿ ಹ್ಯಾಂಗ ಮಾಡಬೇಕಪ್ಪಾ ಆಕಿ? ಪೂಜಿ ಇಲ್ಲದ ಹ್ಯಾಂಗ ಉಣಬೇಕು?" ಎಂದಳು ಮಹಾನಂದಾ. ಶಿವರಾಯನಿಗೂ ಅದೇ ಅನಿಸಿತು. ಲಿಂಗ ಹಿಡಿಯುವ ಎಡಗೈ ಇದೆ, ಪೂಜೆ ಮಾಡುವ ಬಲಗೈ ಸತ್ತಿದೆ.

ಮಠದ ಗುರುಲಿಂಗಯ್ಯನವರನ್ನು ಕರೆಸಿದರು. ಅವರು ಜಂಗಮರು, ವಯಸ್ಸಾದವರು, ಮದುವೆ-ಮಣ್ಣು ಎರಡಕ್ಕೂ ಊರಿಗೆ ಬೇಕಾದವರು. ಅವರು ಭಾಗಮ್ಮನ ತಲೆಯ ಮೇಲೆ ಕೈಯಿಟ್ಟು ಹೇಳಿದರು, "ಇನ್ನೊಬ್ಬರು ಆಕೀ ಲಿಂಗಾ ಮುಟ್ಟಿ ಪೂಜಿ ಮಾಡೂದಕ್ಕ ಬರಲ್ಲ ಶಿವರಾಯಾ. ಅದು ಆಕೀ ಪ್ರಾಣ ಇದ್ದಂಗ. ಲಿಂಗಾ ಬಿಟ್ಟು ಉಳಿದದ್ದು ಏನು ಮಾಡ್ತಿ ಮಾಡು."

ಉಳಿದದ್ದು ಏನಿದೆ? ಶಿವರಾಯ ಅಂಗಳದಲ್ಲಿ ಕೂತು ಬೀಡಿ ಸೇದುತ್ತಾ ಯೋಚಿಸಿದ. ಹೆಂಡತಿ ಒಳಗೆ ಉಪವಾಸ ಮಲಗಿದ್ದಳು. ಇನ್ನೊಂದೆರಡು ದಿನ ಹೀಗೇ ಆದರೆ ಲಕ್ವಾ ಬೇಕಿಲ್ಲ, ಹಸಿವೇ ಅವಳನ್ನು ಒಯ್ಯುತ್ತದೆ. ಆ ಹೊತ್ತಿನಲ್ಲಿ ಅವನಿಗೆ ವಾಡಿಯ ಮಳೆಗಾಲ ನೆನಪಾಯಿತು. ತುಕ್ಕು ಹಿಡಿದ ಲಿವರ್ ಒಬ್ಬನ ಕೈಗೆ ಜಗ್ಗುತ್ತಿರಲಿಲ್ಲ. ಆಗ ಜೊತೆಗಾರ ಬಾಬುಮಿಯಾ ಬಂದು ಇವನ ಕೈಯ ಮೇಲೆ ತನ್ನ ಕೈಯಿಟ್ಟು ಎಳೆಯುತ್ತಿದ್ದ. ಲಿವರ್ ಹಿಡಿದದ್ದು ಇವನೇ, ಬಾಬುಮಿಯಾ ಹಿಡಿದದ್ದು ಇವನ ಕೈಯನ್ನು. ಬೀಡಿ ಎಸೆದು, ಕೈಕಾಲು ತೊಳೆದು ಒಳಗೆ ಹೋದ.

ಭಾಗಮ್ಮನ ಬಲಕ್ಕೆ ಕೂತ. ಲಿಂಗ ಅವಳ ಎಡ ಅಂಗೈಯಲ್ಲಿತ್ತು. ಅವಳ ಬಲಗೈಯ ಮಣಿಕಟ್ಟನ್ನು ಹಿಡಿದು, ಜೋತುಬಿದ್ದ ಬೆರಳುಗಳನ್ನು ನೀರಿನಲ್ಲಿ ಅದ್ದಿ, ಲಿಂಗದ ಮೇಲೆ ತಂದು ಹನಿಸಿದ. ಅವೇ ಬೆರಳುಗಳನ್ನು ವಿಭೂತಿಗೆ ಸವರಿ ಲಿಂಗಕ್ಕೆ ಮುಟ್ಟಿಸಿದ. ಪತ್ರೆಯನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿ ಏರಿಸಿದ. ಭಾಗಮ್ಮ ಅವನನ್ನು ಬಹಳ ಹೊತ್ತು ನೋಡಿದಳು. ಮತ್ತೆ ಅಂಗೈ ನೋಡಿದಳು. ಮತ್ತೆ ಅವನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ತೆರೆದಾಗ, ಬಾಯಿಯನ್ನೂ ತೆರೆದಳು. ಮಹಾನಂದಾ ಅಳುತ್ತಲೇ ನುಚ್ಚು ತಿನ್ನಿಸಿದಳು. ಶಿವರಾಯ ಹಿತ್ತಲಿಗೆ ಹೋಗಿ ಮೂಗು ಒರೆಸಿಕೊಂಡು ಬಂದ.

ಮಹಾನಂದಾಳಿಗೆ ಅವಳದೇ ಮನೆ, ಅತ್ತೆ, ಮಕ್ಕಳು. ಅವ್ವನನ್ನು ಸೇಡಂಗೆ ಕರೆದುಕೊಂಡು ಹೋಗುತ್ತೇನೆಂದಳು. ಭಾಗಮ್ಮ ತಲೆಯಾಡಿಸಲಿಲ್ಲ, ಶಿವರಾಯನೂ ಒಪ್ಪಲಿಲ್ಲ. "ಇಲ್ಲಿ ನಾ ಇದ್ದೀನಲ್ಲ" ಎಂದ. ಮಗಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ನೀ ಇದ್ದೀ, ಖರೇ. ರೊಟ್ಟಿ ಯಾರ ಮಾಡಬೇಕು?" ಎಂದಳು. ಆದರೂ ಅವಳು ಗಾಡಿ ಹತ್ತಿದಳು. ಅವನು ಒಲೆಯ ಮುಂದೆ ಕೂತ.

ಅವನ ಮೊದಲ ರೊಟ್ಟಿಯ ಕಥೆಯನ್ನು ಶಹರಬಾನು ಮುಂದೆ ಎಷ್ಟೋ ವರ್ಷ ಹೇಳಿಕೊಂಡು ನಕ್ಕಳು. ತಣ್ಣೀರಿನಲ್ಲಿ ಜೋಳದ ಹಿಟ್ಟು ಕಲಸಿದ್ದ ಪುಣ್ಯಾತ್ಮ. ಬಡಿದರೆ ನಡುವೆ ಸೀಳು, ಎತ್ತಿದರೆ ಎರಡು ತುಂಡು, ಹಂಚಿಗೆ ಹಾಕುವಷ್ಟರಲ್ಲಿ ನಾಲ್ಕು. "ಹಿಟ್ಟೇ ಸುಮಾರ ಅದ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹಾಸಿಗೆಯಲ್ಲಿದ್ದ ಭಾಗಮ್ಮನ ಹೊಟ್ಟೆ ಕುಲುಕಿತು. ಲಕ್ವಾ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಎಡಗೈಯಿಂದ ಒಲೆಯ ಮೇಲಿನ ನೀರಿನ ಪಾತ್ರೆ ತೋರಿಸಿದಳು. ಬಿಸಿ. ಕುದಿಯುವ ನೀರು. ಹಿಟ್ಟನ್ನು ಅದರಲ್ಲಿ ತೊಳಸಬೇಕು, ಆಗ ಜಿಗಿ ಬರುತ್ತದೆ, ಆಮೇಲೆ ಅಂಗೈಯ ಬುಡದಿಂದ ನಾದಬೇಕು. ಬಾಯಿಲ್ಲದ ಗುರು, ಬುದ್ಧಿಯಿಲ್ಲದ ಶಿಷ್ಯ. ಹಾಗೂ ಹೀಗೂ ಒಂದು ತಿಂಗಳಿಗೆ ಅವನ ರೊಟ್ಟಿ ದುಂಡಗಾಗದಿದ್ದರೂ ಒಂದು ತುಂಡಾಗಿ ಹಂಚಿಗೆ ಬೀಳತೊಡಗಿತು.

ಆ ಮಳೆಗಾಲ ಅವನ ದಿನಗಳು ಹೀಗೆ ಸಾಗಿದವು. ಬೆಳಕು ಹರಿಯುವ ಮೊದಲು ನೀರು ತರುವುದು. ಅವಳನ್ನು ಎಬ್ಬಿಸಿ, ಹೊರಕಡೆಗೆ ಕೂರಿಸಿ, ಮೈ ತೊಳೆಸಿ, ಸೀರೆ ಉಡಿಸುವುದು. ಸೀರೆಯ ನೆರಿಗೆ ಎಡಕ್ಕೋ ಬಲಕ್ಕೋ ಅವನಿಗೆ ಕಡೆಯವರೆಗೆ ಸರಿಯಾಗಿ ತಿಳಿಯಲಿಲ್ಲ, ಶಹರಬಾನು ಬಂದು ತಿದ್ದುತ್ತಿದ್ದಳು. ಆಮೇಲೆ ಪೂಜೆ. ಆಮೇಲೆ ಒಲೆ. ಫರಸಿ ಒರೆಸುವುದು, ಕಸ ಹೊಡೆಯುವುದು, ಬಟ್ಟೆ ಹಿಂಡುವುದು. ಪಾರಿವಾಳದ ರಕ್ತ ಹಚ್ಚಿರಿ, ಕೈ ಬರುತ್ತದೆ ಎಂದು ಓಣಿಯವರೊಬ್ಬರು ಉಪದೇಶಿಸಿದರೆ, ಭಾಗಮ್ಮ ಕಣ್ಣು ಬಿಟ್ಟ ರೀತಿಗೇ ಅವರು ಮತ್ತೆ ಬರಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟೇ, ಕೈ ಸುಮ್ಮನೆ ಬಿಡಬೇಡಿ, ಆಡಿಸುತ್ತಾ ಇರಿ. ಪೂಜೆಯಲ್ಲಿ ದಿನಾ ಆಡುತ್ತಲೇ ಇತ್ತು.

ಅವಳ ಕೈಕಾಲಿಗೆ ಎಣ್ಣೆ ತಿಕ್ಕುವಾಗ ಅವನು ವಾಡಿಯ ಮಾತು ತೆಗೆಯುತ್ತಿದ್ದ. ಅವಳಿಗೆ ಮಾತು ಬರುವುದಿಲ್ಲ, ಅವನಿಗೆ ಸುಮ್ಮನಿರಲು ಬರುವುದಿಲ್ಲ. "ನೆನಪದ ಏನು, ಇಂಜಿನ್ ನೀರು?" ಎನ್ನುತ್ತಿದ್ದ. ಚಳಿಗಾಲದಲ್ಲಿ ನಿಂತ ಇಂಜಿನ್ನಿನಿಂದ ಡ್ರೈವರ್ ಬಿಸಿನೀರು ಬಿಟ್ಟುಕೊಡುತ್ತಿದ್ದ. ಕ್ವಾರ್ಟರ್ಸಿನ ಹೆಂಗಸರೆಲ್ಲ ಬಕೆಟ್ ಹಿಡಿದು ಓಡುತ್ತಿದ್ದರು. ಭಾಗಮ್ಮ ಮಾತ್ರ, ಮಸಿಯ ನೀರು ಪೂಜೆಗೆ ಬರುವುದಿಲ್ಲ ಎಂದು ತಣ್ಣೀರಿನಲ್ಲೇ ನಡುಗುತ್ತಾ ಮೈ ತೊಳೆಯುತ್ತಿದ್ದಳು. ಒಣಹಾಕಿದ ಸೀರೆಯ ಮೇಲೆಲ್ಲ ಇದ್ದಿಲ ಕಿಡಿಯ ಕರಿ ಚುಕ್ಕೆ. ಗುಡುಗುಡು ಗಾಡಿ ಹೋದರೆ ಗೋಡೆಯ ಮೇಲಿನ ಡಬ್ಬಿಗಳೆಲ್ಲ ಕುಣಿಯುತ್ತಿದ್ದವು. ಮಹಾನಂದಾ ಹುಟ್ಟಿದ ದಿನವೂ ಅವನು ಕ್ಯಾಬಿನ್ನಿನಲ್ಲಿದ್ದ. ಸುದ್ದಿ ತಂದ ಬಾಬುಮಿಯಾನ ಹಸಿರು ಬಾವುಟ ಕಿತ್ತುಕೊಂಡು ಇವನು ಕುಣಿದದ್ದಕ್ಕೆ ಸ್ಟೇಷನ್ ಮಾಸ್ತರರು ಬೈದಿದ್ದರು. ಇಷ್ಟೆಲ್ಲ ನೆನೆಯುತ್ತಾ ಅವನು ಒಮ್ಮೊಮ್ಮೆ ಎಣ್ಣೆಯ ಕೈ ನಿಲ್ಲಿಸುತ್ತಿದ್ದ. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಒಂದು ಮುಂಜಾನೆಯೂ ಇವಳ ಪಕ್ಕ ಹೀಗೆ ಕೂತಿರಲಿಲ್ಲವಲ್ಲ ಎನಿಸುತ್ತಿತ್ತು. ಒಳ್ಳೆಯ ದಿನಗಳೆಲ್ಲ ಪಾಳಿಯಲ್ಲೇ ಕಳೆದುಹೋಗಿದ್ದವು.

ಶ್ರಾವಣ ಬರುವಷ್ಟರಲ್ಲಿ ಭಾಗಮ್ಮನ ನಾಲಗೆ ತಿರುಗತೊಡಗಿತು. ಮಾತು ಜಡ, ಆದರೆ ತಿಳಿಯುತ್ತಿತ್ತು. ಮೊದಲ ಸೋಮವಾರ ಪೂಜೆ ಮುಗಿಸಿ ಅವಳು ಗಂಡನ ಎದೆಯ ಕಡೆ ಕಣ್ಣು ಮಾಡಿದಳು.

"ನಿಮ್ಮದೂ ತೆರೀರಿ."

"ನಾ ಕಣ್ಣಿಗಿ ಒತ್ತಿಗೊಂಡೀನಲ್ಲ."

"ಶ್ರಾವಣ ಅದ. ತೆರೀರಿ."

ಬೇರೆ ದಾರಿಯಿರಲಿಲ್ಲ. ಬಾಗಿಲ ಬೆಳಕಿಗೆ ಸರಿದು ಕೂತು, ಎಷ್ಟೋ ವರ್ಷಗಳ ಮೇಲೆ ತನ್ನ ಕರಡಿಗೆ ತೆರೆದ. ಲಿಂಗ ಅಂಗೈಗೆ ಜಾರಿತು. ಕಪ್ಪಗೆ, ನುಣ್ಣಗೆ, ದಿನಾ ನೀರು ಕಂಡ ಹೊಳಪು. ಬುಡದ ಸುತ್ತ, ಕರಡಿಗೆಯ ಮೂಲೆಯಲ್ಲೆಲ್ಲ ವಿಭೂತಿ ತುಂಬಿ ಗಟ್ಟಿಯಾಗಿ ಕೂತಿತ್ತು. ಅವನು ಮೊದಲು ಸುಮ್ಮನೆ ನೋಡಿದ. ಆಮೇಲೆ ಯೋಚನೆ ಬಂತು. ತಾನು ವಿಭೂತಿ ಹಚ್ಚಿ ಎಷ್ಟು ವರ್ಷವಾಯಿತು? ತನ್ನ ಲಿಂಗಕ್ಕೆ ಇಷ್ಟು ವಿಭೂತಿ ಎಲ್ಲಿಂದ ಬಂತು?

ಇದು ತನ್ನದಲ್ಲ. ದವಾಖಾನೆಯ ಟವೆಲ್ಲಿನ ಗಂಟು, ಕತ್ತರಿಸಿ ಎಸೆದ ದಾರ, ಕೈಯಲ್ಲಿ ತೂಗಿ ನೋಡಿದ್ದು, ಎಲ್ಲ ಕಣ್ಣ ಮುಂದೆ ಬಂತು. ಅವಳ ಪ್ರಾಣ ತನ್ನ ಕೊರಳಲ್ಲಿತ್ತು. ಇಷ್ಟು ದಿನ ಅವಳ ಕೈ ಹಿಡಿದು ಪೂಜೆ ಮಾಡಿಸಿದ್ದು ಅವಳದಲ್ಲದ, ತನ್ನ ಲಿಂಗಕ್ಕೆ. ಅವಳ ಮಡಿ, ಅವಳ ನೇಮ, ಗುರುವಿಗೆ ಕೊಟ್ಟ ಮಾತು, ಎಲ್ಲವನ್ನೂ ಅವನೊಬ್ಬನೇ ಕೂತು ಕೆಡಿಸಿದ್ದ. ಬೆನ್ನು ತಿರುಗಿಸಿ ಗಡಿಬಿಡಿಯಲ್ಲಿ ಎರಡು ಹನಿ ನೀರು ಹಾಕಿ ಕರಡಿಗೆ ಮುಚ್ಚಿದ.

"ಆಯ್ತೇನು?" ಎಂದಳು ಭಾಗಮ್ಮ.

"ಆಯ್ತು" ಎಂದ ಅವನು.

ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತ ಮೈ. ಇಷ್ಟು ದಿನ ಪರಲಿಂಗಕ್ಕೆ ಪೂಜೆ ಮಾಡಿ ಉಂಡೆ ಎಂದು ತಿಳಿದರೆ ಅವಳು ಮತ್ತೆ ಬಾಯಿ ಮುಚ್ಚುತ್ತಾಳೆ. ಈ ಸಲ ಮುಚ್ಚಿದರೆ ತೆರೆಯಲಿಕ್ಕಿಲ್ಲ. ಹೇಳದಿದ್ದರೆ? ಹೇಳದಿದ್ದರೆ ನಾಳೆ ಮುಂಜಾನೆ ಮತ್ತೆ ಅದೇ ಕೈ ಹಿಡಿದು ಅದೇ ಮೋಸ. ಗುಟ್ಟಾಗಿ ಅದಲುಬದಲು ಮಾಡಿಬಿಡಲೇ ಎಂದೂ ನೋಡಿದ. ಅವಳು ಮಲಗಿದಾಗ ಕೊರಳ ತನಕ ಕೈ ಒಯ್ದ. ನಿದ್ದೆಯಲ್ಲೂ ಅವಳ ಎಡಗೈ ಕರಡಿಗೆಯ ಮೇಲೇ ಇತ್ತು. ಕೈ ಹಿಂದಕ್ಕೆ ತೆಗೆದ.

ಗುರುಲಿಂಗಯ್ಯನವರನ್ನು ಕೇಳಿಬಿಡೋಣವೆಂದು ಮಠಕ್ಕೆ ಹೋದ. ಅಡ್ಡಬಿದ್ದು ಬಾಯಿ ತೆರೆಯುವಷ್ಟರಲ್ಲಿ ಅವರೇ, ಕೂತಿದ್ದ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು, "ನೋಡ್ರಿ, ಕೈ ಹೋದ್ರೂ ಲಿಂಗಾ ಬಿಡಲಿಲ್ಲ ನಮ್ಮ ಭಾಗಮ್ಮ. ಹಿಂಗಿರಬೇಕು ನಿಷ್ಠಾ. ಬಾ ಶಿವರಾಯಾ, ಏನ ಬಂದಿದ್ದಿ?"

"ಏನಿಲ್ಲ ಬುದ್ಧಿ, ವಿಭೂತಿ ಒಯ್ಯಲಾಕ ಬಂದಿದ್ದೆ" ಎಂದ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ರೊಟ್ಟಿ ಹೊತ್ತಿತು, ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಅವನಿಗೇ ಊಟ ಸೇರದಾಯಿತು. ಪೂಜೆಯ ಹೊತ್ತಿಗೆ ಅವಳ ಮಣಿಕಟ್ಟು ಹಿಡಿದು, ಅವಳ ಮುಖ ನೋಡದೆ ಗೋಡೆ ನೋಡುತ್ತಿದ್ದ. ಇತ್ತ ಅವಳ ಬೆರಳುಗಳಲ್ಲಿ ಜೀವ ಬರುತ್ತಿತ್ತು. ಪತ್ರೆಯನ್ನು ಹೆಬ್ಬೆರಳಿಂದ ತಾವಾಗಿ ಒತ್ತಿ ಹಿಡಿಯತೊಡಗಿದ್ದವು. ಬೇರೆ ಹೊತ್ತಾಗಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದ. ಈಗ ಆ ಬೆರಳು ನೋಡಿದರೆ ಹೆದರಿಕೆಯಾಗುತ್ತಿತ್ತು.

"ಕಾಕಾಗ ಏನೋ ಆಗ್ಯದವ್ವ. ಒಣಗಿ ಕಟ್ಟಿಗಿ ಆಗ್ಯಾರ" ಎಂದು ಶಹರಬಾನು ಭಾಗಮ್ಮನ ಮುಂದೆ ಹೇಳಿದಳು. ಭಾಗಮ್ಮ, "ಆಗಲಿ ತಡಿ" ಎಂದಳಂತೆ.

ಶ್ರಾವಣದ ಕಡೆಯ ಸೋಮವಾರ ಬಂತು. ಅವಳನ್ನು ಕೂರಿಸಿದ. ತಂಬಿಗೆಯಲ್ಲಿ ನೀರಿಟ್ಟ, ತಟ್ಟೆಯಲ್ಲಿ ಪತ್ರೆ ಇಟ್ಟ. ಕರಡಿಗೆ ತೆರೆದು ಅವಳ ಅಂಗೈಗೆ ಲಿಂಗ ಬಗ್ಗಿಸಿದ. ಅವಳ ಮಣಿಕಟ್ಟಿಗೆ ಕೈ ಹಾಕಿದವನು ಅಲ್ಲೇ ನಿಂತುಬಿಟ್ಟ. ಕೈ ಮುಂದೆ ಹೋಗಲಿಲ್ಲ. ಇನ್ನು ಇದಾಗುವುದಿಲ್ಲ ಎಂದು ಅವನಿಗೇ ತಿಳಿಯಿತು.

"ಭಾಗಾ, ಒಂದು ಮಾತು ಹೇಳ್ತೀನಿ. ಉಪಾಸ ಮಾತ್ರ ಬೀಳಬ್ಯಾಡ" ಎಂದ.

"ಹೇಳ್ರಿ."

"ಇದು ನಿಂದಲ್ಲ. ನಿಂದು ನನ್ನ ಕೊರಳಾಗ ಅದ. ದವಾಖಾನ್ಯಾಗ ಎರಡೂ ಕೂಡಿ ಗಂಟ ಕಟ್ಟಿದ್ದೆ. ದಾರಾ ಬದಲ ಮಾಡಾಗ ಗುರುತ ಹತ್ತಲಿಲ್ಲ. ನಂದ ನಾ ಎಂದೂ ತೆರೆದು ನೋಡಿದಂವ ಅಲ್ಲ, ಹ್ಯಾಂಗ ಗುರುತ ಹತ್ತಬೇಕು? ಇಷ್ಟ ದಿನಾ ನಿನ್ನ ಕೈಲೆ ತಪ್ಪ ಮಾಡಸೀನಿ. ಆ ಪಾಪ ನಂದು, ನಿಂದಲ್ಲ."

ಹೇಳಿ ಮುಗಿಸಿ ತಲೆ ತಗ್ಗಿಸಿದ. ಅಳು ಬರುತ್ತದೆ, ಬೈಗುಳ ಬರುತ್ತದೆ ಎಂದು ಕಾದ. ತಲೆಯೆತ್ತಿದರೆ ಭಾಗಮ್ಮ ವಾರೆಯಾದ ಬಾಯಲ್ಲೇ ನಗುತ್ತಿದ್ದಳು.

"ನಂಗ ಮೊದಲನೇ ದಿನಾನೇ ಗೊತ್ತದ" ಎಂದಳು.

ಅವನು ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟ.

"ಬೆರಳ ಇಟ್ಟ ಕೂಡ್ಲೇ ತಿಳೀತು. ಧೂಳ ಹಿಡಿದಿತ್ತು. ಹೇಳಬೇಕಂದ್ರ ನಾಲಗಿ ಏಳಲಿಲ್ಲ." ಒಂದೊಂದೇ ಮಾತನ್ನು ಎತ್ತಿ ಇಡುವಂತೆ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ಸತ್ರ ಸಾಯ್ತೀನಿ, ಉಣಬಾರದು ಅಂತಿದ್ದೆ. ಮತ್ತ ನೀವು ಬಂದು ಕೈ ಹಿಡಿದ್ರಿ."

"ಹಿಡಿದ್ರ?"

"ಲಿಂಗಾ ನಿಮ್ದು. ಎರಿಯೂ ಕೈ ನಿಮ್ದು. ನಂದು ಬರೇ ಅಂಗೈ. ನಿಮ್ಮ ಲಿಂಗಕ್ಕ ನಿಮ್ಮ ಕೈಲೆ ಪೂಜಿ ಆಗಲಿಕತ್ತಿತ್ತು. ಅದರಾಗ ತಪ್ಪೇನದ?"

"ಮತ್ತ ನಿಂದು?"

"ನಂದು ನಿಮ್ಮ ಎದಿ ಮ್ಯಾಲ ನನ್ನ ಬಾಜೂಕೇ ಕುಂತಿತ್ತು. ಕಣ್ಣ ಮುಚ್ಚಿ ಅದನ್ನೇ ನೆನಿತಿದ್ದೆ."

ಶಿವರಾಯನಿಗೆ ಸ್ವಲ್ಪ ಸಿಟ್ಟೂ ಬಂತು. ಇಷ್ಟು ದಿನ ತಾನು ಬೆಂದದ್ದು ನೆನಪಾಯಿತು. "ನಾಲಗಿ ಬಂದ ಮ್ಯಾಲರೆ ಹೇಳಬಾರದೇನು?" ಎಂದ.

"ಹೇಳಿದ್ರ ಅವತ್ತೇ ಬದಲ ಮಾಡ್ತಿದ್ರಿ. ನಿಮ್ದು ನಿಮ್ಮ ಕೊರಳಿಗಿ ಹೋಗಿ ಮತ್ತ ಕತ್ತಲ್ಯಾಗ ಕುಂಡ್ರತಿತ್ತು." ಭಾಗಮ್ಮ ಉಸಿರು ತೆಗೆದುಕೊಂಡಳು. "ಅದಕ್ಕ ಜರಾ ರೂಢಿ ಆಗಲಿ ಅಂತ ಸುಮ್ಕಿದ್ದೆ. ನಿಮ್ಮ ಕೈಗೂ ಆಗಲಿ ಅಂತ. ಆಮ್ಯಾಲ ತೆರೀರಿ ಅಂದೆ. ತೆರೆದ್ರ ನಿಮಗೇ ತಿಳೀತದ ಅಂತ."

ಎಡಗೈಯನ್ನು ಮೆಲ್ಲಗೆ ಅವನ ಕಡೆ ಚಾಚಿದಳು. ಅಂಗೈಯಲ್ಲಿದ್ದ ಲಿಂಗ ಈಗ ಧೂಳು ಹಿಡಿದದ್ದಲ್ಲ, ಅವಳದರ ಹಾಗೆಯೇ ಹೊಳೆಯುತ್ತಿತ್ತು.

"ಇವತ್ತ ನಿಮ್ದ ನಿಮಗ ತಗೋರಿ. ಈಗ ಅದು ದಿನಾ ನೀರ ಬೇಡತದ. ನಾ ಇದ್ರೂ ಬೇಡತದ, ಇಲ್ಲದಿದ್ರೂ ಬೇ​ಡತದ. ತಪ್ಪಸಬ್ಯಾಡ್ರಿ."

ಶಿವರಾಯ ತಗೊಂಡ. ಅವಳದನ್ನು ಅವಳ ಅಂಗೈಗೆ ಬಗ್ಗಿಸಿ ಕೊಟ್ಟ. ಮುಂದೆ ಏನು ಮಾಡಬೇಕೆಂದು ತೋಚಲಿಲ್ಲ. ಇಷ್ಟು ತಿಂಗಳು ತಾನು ಅವಳನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದ. ಅವಳು ಅಲ್ಲಿ ಕೂತು, ಒಂದು ಮಾತೂ ಆಡದೆ, ತಾನಿಲ್ಲದ ಮೇಲಿನ ಅವನ ಮುಂಜಾನೆಗಳಿಗೆ ಒಂದು ಕೆಲಸ ಹಚ್ಚಿಡುತ್ತಿದ್ದಳು. ಅದು ತಿಳಿದದ್ದೇ ಅವನ ಕಣ್ಣು ತುಂಬಿ ಬಂತು. ಮರೆಮಾಡಲು ಹೋಗಲಿಲ್ಲ. ತಂಬಿಗೆಯಿಂದ ನೀರು ತೆಗೆದು ತನ್ನ ಲಿಂಗಕ್ಕೆ ಎರೆದ. ವಿಭೂತಿಗೆ ಬೆರಳು ಹಾಕಿದ.

"ಒಂದ ಬೆರಳಲ್ಲ, ಮೂರ" ಎಂದಳು ಭಾಗಮ್ಮ.

ಮೂರು ಬೆರಳಿಂದ ಹಚ್ಚಿದ. ಪಕ್ಕದಲ್ಲಿ ಅವಳ ಬಲಗೈ ತಡವರಿಸುತ್ತಾ, ಅರ್ಧ ನೀರು ಸೀರೆಗೇ ಚೆಲ್ಲುತ್ತಾ, ತನ್ನಷ್ಟಕ್ಕೆ ತಾನು ಹೋಗಿ ಬರುತ್ತಿತ್ತು. ಅವನು ಹಿಡಿಯಲು ಹೋಗಲಿಲ್ಲ. ಪತ್ರೆ ಏರಿಸಿ ಕಣ್ಣು ಮುಚ್ಚಿದವನಿಗೆ ಒಂದು ಪ್ರಶ್ನೆ ಎದ್ದಿತು. ಕೇಳಬಾರದೆಂದುಕೊಂಡ. ಕೇಳಿಯೇ ಬಿಟ್ಟ.

"ಎಲ್ಲಿಗಿ ಹೊಂಟಿ ಭಾಗಾ ನೀ?"

"ಎಲ್ಲಿಗೂ ಇಲ್ಲ" ಎಂದಳು ಅವಳು. "ಏಳ್ರಿ, ಎಸರಿಡ್ರಿ. ಹಸಿವ್ಯಾಗ್ಯದ."